ನಮ್ಮ ಯಜಮಾನರ ಕತ್ತಿನ ಬಲ

ನಮ್ಮ ಯಜಮಾನರು ಹೋಗಿ ಆರು ತಿಂಗಳಾಯಿತು. ಅವರ ಹೆಸರು ಹನುಮಂತಯ್ಯ. ಬದುಕಿದ್ದಾಗ ನಾನು ಆ ಹೆಸರು ಹೇಳಿದವಳಲ್ಲ. ಈಗಲೂ ಬಾಯಲ್ಲಿ ಬರುವುದಿಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ ಅನ್ನಿಸಿತು, ಬರೆದಿದ್ದೇನೆ.

ಅವರು ಹೆಸರು ಮಾಡಿದ ಮನುಷ್ಯರಲ್ಲ. ಮೂಟೆ ಹೊರುತ್ತಿದ್ದರು. ಮೊದಲು ಹೊಸಹಳ್ಳಿಯಲ್ಲಿ ನಮಗೆ ಹೊಲ ಇತ್ತು, ರಾಗಿ, ಅವರೆ ಬೆಳೆಯುತ್ತಿದ್ದೆವು. ಅದು ಬಡಾವಣೆಗೆ ಅಂತ ಹೋಯಿತು. ಹೋದ ಮೇಲೆ ಇಬ್ಬರೂ ನಾಯಂಡಹಳ್ಳಿಯಲ್ಲಿ ಶಂಭುಲಿಂಗಪ್ಪನವರ ಗೋಡೌನಿಗೆ ಕೆಲಸಕ್ಕೆ ಸೇರಿದೆವು. ಅವರು ಮೂಟೆ ಹೊರುವುದಕ್ಕೆ, ನಾನು ದಬ್ಬಳ ಹಿಡಿದು ಹರಿದ ಗೋಣಿಚೀಲ ಹೊಲಿಯುವುದಕ್ಕೆ. ಬೆಳಿಗ್ಗೆ ಅವರು ಮುಂದೆ, ನಾನು ಹಿಂದೆ ನಡೆದುಕೊಂಡು ಹೋಗುತ್ತಿದ್ದೆವು. ಗೇಟು ದಾಟಿದ ಮೇಲೆ ಸಂಜೆಯ ತನಕ ಮಾತಿಲ್ಲ. ಅವರು ಗಂಡಸರ ಕಡೆ, ನಾನು ಹಿಂದಿನ ಜಗುಲಿಯಲ್ಲಿ ಪಟಾಲಮ್ಮ ಮತ್ತೆ ಬೇರೆ ಹೆಂಗಸರ ಜೊತೆ.

ಮೂಟೆ ಹೊರುವುದು ಹೇಗೆ ಅಂತ ಹೇಳಬೇಕು. ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬೆ ಇಟ್ಟುಕೊಳ್ಳುತ್ತಾರೆ. ಇಬ್ಬರು ಎರಡು ಕಡೆ ಹಿಡಿದು ಮೂಟೆ ಎತ್ತಿ ತಲೆ ಮೇಲೆ ಇಡುತ್ತಾರೆ. ಇಟ್ಟ ಮೇಲೆ ಅದು ಅವನ ಪಾಡು. ಲಾರಿಯಿಂದ ಒಳಗೆ ಮೂಟೆ ಪೇರಿಸುವ ಜಾಗದ ತನಕ ಒಂದೇ ನಡಿಗೆ. ನಡುವೆ ಇಳಿಸುವ ಹಾಗಿಲ್ಲ. ಇಳಿಸಿದರೆ ಮತ್ತೆ ಎತ್ತಲು ಇಬ್ಬರು ಕೈಲಿರುವ ಕೆಲಸ ಬಿಟ್ಟು ಬರಬೇಕು. ಚೀಲ ಒಡೆದರೆ ಕಾಳೆಲ್ಲ ಮಣ್ಣು. ಒಬ್ಬ ಹಾಗೆ ಒಂದು ಸಲ ಇಳಿಸಿದ್ದ. ಅವನಿಗೆ ‘ಇಳಿಸಪ್ಪ’ ಅಂತ ಹೆಸರು ಬಿತ್ತು. ಅವನು ಕೆಲಸ ಬಿಟ್ಟು ಹೋಗುವ ತನಕ ಅದೇ ಹೆಸರು. ಅವನ ಸ್ವಂತ ಹೆಸರು ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಯಜಮಾನರು ಯಾವತ್ತೂ ಇಳಿಸಿದವರಲ್ಲ. ಅದು ಅವರಿಗೆ ದೊಡ್ಡ ಮಾತು.

ಕತ್ತು ನೋವು ಯಾವಾಗ ಶುರುವಾಯಿತು ಅಂತ ಹೇಳುವುದಕ್ಕೆ ಆಗುವುದಿಲ್ಲ. ಅವರು ಹೇಳಲಿಲ್ಲ. ನಾನು ಕಂಡುಹಿಡಿದಿದ್ದು ದಾರಿಯಲ್ಲಿ. ಹಿಂದಿನಿಂದ ಕರೆದರೆ ಮುಂಚೆ ಕತ್ತು ತಿರುಗಿಸಿ ನೋಡುತ್ತಿದ್ದರು. ಆಮೇಲೆ ನಿಂತು ಇಡೀ ಮೈ ತಿರುಗಿಸತೊಡಗಿದರು, ಎತ್ತಿನ ಗಾಡಿ ತಿರುಗಿಸಿದ ಹಾಗೆ. ಕೇಳಿದರೆ “ಏನಿಲ್ಲ ಕಣೇ” ಅನ್ನುತ್ತಿದ್ದರು. ಕತ್ತು ಉಳುಕಿದೆ ಅಂತ ತಲೆದಿಂಬನ್ನು ಬಿಸಿಲಿಗೆ ಹಾಕಿದೆ. ಹಾಗೆ ಮಾಡಿದರೆ ಬಿಡುತ್ತದೆ ಅಂತ ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ. ಬಿಡಲಿಲ್ಲ. ಹರಳೆಣ್ಣೆ ತಿಕ್ಕಿ ಎಕ್ಕದ ಎಲೆ ಕಾಯಿಸಿ ಕಟ್ಟಿದೆ. ಉಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಟ್ಟೆ. ಪಟಾಲಮ್ಮ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಹಿಡಿದದ್ದು ಬಿಡುತ್ತದೆ ಅಂತಾರೆ. ಅವಳನ್ನು ಮನೆಗೆ ಕರೆದೆ.

“ಒದೀಲೇನಣ್ಣ? ಆಮೇಲೆ ಕೋಪ ಮಾಡ್ಕೋಬಾರ್ದು” ಅಂದಳು.

“ಒದಿ ತಾಯಿ. ಮನೇಲಿ ದಿನಾ ತಿಂತೀನಿ, ನಿಂದೇನು ಹೆಚ್ಚು” ಅಂದರು.

ಅವಳು ನಗುತ್ತಾ ಮೆಲ್ಲಗೆ ಒದ್ದಳು. ಅದರಿಂದಲೂ ಏನೂ ಆಗಲಿಲ್ಲ. ಹಾಗೇ ವರ್ಷಗಳು ಹೋದವು. ಕೊನೆಗೆ ಬಲಗೈಯ ಬೆರಳು ಜೋಮು ಹಿಡಿಯತೊಡಗಿತು. ಉಣ್ಣುವಾಗ ಮುದ್ದೆಯ ತುತ್ತು ಕೈಯಿಂದ ಬಿದ್ದುಹೋಗುತ್ತಿತ್ತು. ಅವರು ಬೆಕ್ಕಿಗೆ ಹಾಕಿದೆ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಬೆಕ್ಕು ಇರಲಿಲ್ಲ.

ಐವತ್ತನಾಲ್ಕನೇ ಇಸವಿಯಲ್ಲಿ ಗೋಡೌನಿನ ಗೇಟು ಕಾಯುತ್ತಿದ್ದ ಮುದುಕ ಊರಿಗೆ ಹೋದ, ವಾಪಸು ಬರಲಿಲ್ಲ. ಆ ಜಾಗ ಖಾಲಿಯಾಯಿತು. ಸ್ಟೂಲಿನ ಮೇಲೆ ಕೂರುವುದು, ಲಾರಿ ಬಂದರೆ ಗೇಟು ತೆಗೆಯುವುದು, ಹೋದ ಮೇಲೆ ಹಾಕುವುದು. ನನಗೆ ಅದರ ಮೇಲೆ ಆಸೆ ಬಿತ್ತು. ಯಜಮಾನರಿಗೆ ಅದು ಸಿಕ್ಕಿದರೆ ಕತ್ತು ಉಳಿಯುತ್ತದೆ, ಸಿಗದಿದ್ದರೆ ಒಂದು ದಿನ ಮೂಟೆಯ ಕೆಳಗೇ ಬೀಳುತ್ತಾರೆ ಅಂತ ನನ್ನ ಲೆಕ್ಕ.

ಆ ಹೊತ್ತಿಗೇ ಡಾಕ್ಟರು ಬಂದದ್ದು. ಚನ್ನವೀರಪ್ಪ ಅಂತ ಹೆಸರು, ದಾವಣಗೆರೆ ಕಡೆಯವರು, ನಮ್ಮ ಸಾಹುಕಾರರಿಗೆ ದೂರದ ನಂಟು. ಪೇಟೆಯ ಯಾವುದೋ ಆಸ್ಪತ್ರೆಯಲ್ಲಿದ್ದರು. ಬಹಳ ವರ್ಷದಿಂದ ಕತ್ತು ನೋವು ಇರುವವರ ಕತ್ತಿನಲ್ಲಿ ಎಷ್ಟು ಬಲ ಉಳಿದಿರುತ್ತದೆ, ನೋವು ಇಲ್ಲದವರಿಗೆ ಎಷ್ಟಿರುತ್ತದೆ ಅಂತ ಅಳೆದು ನೋಡಬೇಕಂತೆ. ಮೂಟೆ ಹೊರುವವರು ಒಂದೇ ಕಡೆ ಇಷ್ಟು ಜನ ಸಿಗುತ್ತಾರಲ್ಲ, ಅದಕ್ಕೆ ನಮ್ಮಲ್ಲಿಗೆ ಬಂದರು. ಸಾಹುಕಾರರು ಒಪ್ಪಿದರು. “ಯಾರ ಕತ್ತು ತೀರ ಸೋತಿದೆ ಅಂತ ನೀವು ಹೇಳ್ತೀರೋ ಅವನಿಗೆ ಗೇಟಿನ ಕೆಲಸ ಕೊಡ್ತೀನಿ” ಅಂತ ಎಲ್ಲರ ಎದುರಿಗೆ ಹೇಳಿದರು.

ಹಮಾಲರ ಮೇಸ್ತ್ರಿ ಮುನಿವೆಂಕಟಪ್ಪ ಅದನ್ನು ನಂಬಲಿಲ್ಲ. ಸಾಹುಕಾರರು ಆಚೆ ಹೋದ ಮೇಲೆ ಗಂಡಸರನ್ನೆಲ್ಲ ಕೂರಿಸಿಕೊಂಡ.

“ಗೇಟಿಗೆ ಒಬ್ಬ ಬೇಕು. ಅದಕ್ಕೆ ಅಷ್ಟೂ ಜನರ ಕತ್ತು ಯಾಕ್ರೋ ಅಳೀಬೇಕು? ಸೋತ ಎತ್ತು ಯಾವುದು ಅಂತ ಹುಡುಕ್ತಾವ್ರೆ, ಸಂತೇಗೆ ಹೊಡೆಯೋಕೆ. ಒಬ್ಬನಿಗೆ ಸ್ಟೂಲು, ಮಿಕ್ಕೋರಿಗೆ ಬೀದಿ. ಯಾರೂ ಕತ್ತು ಬಿಟ್ಟುಕೊಡಬ್ಯಾಡಿ.”

ಎಲ್ಲರಿಗೂ ಹೌದು ಅನ್ನಿಸಿತು. ಹೊಲ ಹೋದಾಗಲೂ ಅಳತೆಯವರೇ ಮೊದಲು ಬಂದದ್ದು. ಸರಪಣಿ ಹಿಡಿದುಕೊಂಡು ಬಂದು, ಸುಮ್ಮನೆ ಅಳೆಯುತ್ತೇವೆ ಅಂದಿದ್ದರು.

ಅವತ್ತು ಮನೆಗೆ ಬರುವಾಗ ನಾನು ಹೇಳಿದೆ. “ನೋಯ್ತದೆ ಅನ್ನಿ. ಇರೋದನ್ನೇ ಹೇಳಿ. ಗೇಟು ಸಿಗ್ತದೆ.”

“ಸಿಗದೆ ಬೀದಿಗೆ ಹಾಕಿದ್ರೆ?”

“ನಾನು ಚೀಲ ಹೊಲೀತೀನಲ್ಲ.”

“ಹೂಂ, ನಿನ್ನ ದಬ್ಬಳದಲ್ಲಿ ಬದುಕ್ತೀನಿ” ಅಂದು ಮುಂದೆ ಮುಂದೆ ನಡೆದರು.

ಅಳೆಯುವ ದಿನ ಬಂತು. ಗೋಡೌನಿನ ಆಫೀಸು ಕೋಣೆಯಲ್ಲಿ ಒಂದು ಕುರ್ಚಿ ಹಾಕಿ, ಹಿಂದಿನ ಗೋಡೆಗೆ ದೊಡ್ಡ ಕೊಕ್ಕೆ ಹೊಡೆದಿದ್ದರು. ಕೊಕ್ಕೆಗೆ ಸ್ಪ್ರಿಂಗಿನ ತಕ್ಕಡಿ, ಹತ್ತಿ ತೂಗುವಂಥದ್ದು. ಅದರ ತುದಿಗೆ ಅಗಲವಾದ ಚರ್ಮದ ಪಟ್ಟಿ. ಕುರ್ಚಿಯಲ್ಲಿ ಕೂತವನ ಹಣೆಗೆ ಪಟ್ಟಿ ಹಾಕುತ್ತಾರೆ, ಎದೆಯನ್ನು ಕುರ್ಚಿಗೆ ಬಿಗಿಯುತ್ತಾರೆ. ಅವನು ತಲೆಯನ್ನು ಮುಂದಕ್ಕೆ ದೂಡಬೇಕು. ಎಷ್ಟು ದೂಡಿದ ಅಂತ ತಕ್ಕಡಿಯ ಮುಳ್ಳು ಹೇಳುತ್ತದೆ. ನಾವು ಹೆಂಗಸರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆವು.

ಡಾಕ್ಟರು ಒಬ್ಬೊಬ್ಬರಿಗೂ ಹೇಳಿದರು. “ನಿಧಾನವಾಗಿ ದೂಡಿ. ನೋವು ಬಂದ ಕೂಡಲೇ ನಿಲ್ಲಿಸಿಬಿಡಿ.”

ನಿಲ್ಲಿಸು ಅನ್ನುವ ಮಾತು ಗಂಡಸರ ಕಿವಿಗೆ ಹೋಗಲಿಲ್ಲ. ಒಬ್ಬ ಕೂತು ದೂಡಿದರೆ ಉಳಿದವರು ಸುತ್ತ ನಿಂತು ಕೂಗು ಹಾಕುವುದು. ಗರಡಿಮನೆ ಆಗಿಹೋಯಿತು. ಚಿಕ್ಕಣ್ಣ ಅಂತ ಒಬ್ಬನಿದ್ದ, ಲಗ್ಗೆರೆಯವನು, ಕೆಲಸಕ್ಕೆ ಬಂದು ಹೆಚ್ಚು ಕಾಲ ಆಗಿರಲಿಲ್ಲ. ಅವನು ಸ್ವಲ್ಪ ದೂಡಿದವನೇ “ಅಯ್ಯಯ್ಯೋ ಬಿಡ್ರಪ್ಪಾ” ಅಂತ ಕೂಗಿಕೊಂಡ. ಎಲ್ಲರೂ ಬಿದ್ದು ಬಿದ್ದು ನಕ್ಕರು.

“ಅವನ ಹೆಂಡ್ತಿ ಜುಟ್ಟು ಹಿಡಿದ್ರೂ ಹಿಂಗೇ ಕೂಗ್ತಾನೆ” ಅಂದ ಮುನಿವೆಂಕಟಪ್ಪ.

ಆಮೇಲೆ ನಮ್ಮ ಯಜಮಾನರು ಕೂತರು. ಮುಖ ನೋಡಿದರೆ ನನಗೆ ಗೊತ್ತಾಯಿತು. ಮೂಟೆ ತಲೆಗೆ ಬರುವ ಮುಂಚೆ ಹಲ್ಲು ಕಚ್ಚುತ್ತಾರಲ್ಲ, ಹಾಗೆ ಕಚ್ಚಿದ್ದರು. ದೂಡಿದರು. ಮುಳ್ಳು ಮುಂದೆ ಹೋಯಿತು. ಡಾಕ್ಟರು “ಸಾಕು, ಇನ್ನೊಂದು ಸಲ” ಅಂದರು. ಎರಡನೇ ಸಲ ಇನ್ನೂ ಮುಂದೆ ಹೋಯಿತು. ಮೂರನೇ ಸಲ ಗೋಡೆಯ ಕೊಕ್ಕೆ ಕಿರ್ ಅಂತು, ಗಾರೆ ಉದುರಿತು.

“ಹಾಕು ಹನ್ಮಂತಣ್ಣ! ಗೋಡೆ ಕಿತ್ಕೊಂಡ್ಹೋಗು!”

ಅಷ್ಟು ಜನರಲ್ಲಿ ಅವರದ್ದೇ ಹೆಚ್ಚು. ಡಾಕ್ಟರು “ನೋವಿದೆಯಾ?” ಅಂದರು. “ಎಲ್ಲಿ ಸಾರ್ ನೋವು” ಅಂದರು. ಎದ್ದಾಗ ಹಣೆಯ ಮೇಲೆ ಚರ್ಮದ ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು. ಮುನಿವೆಂಕಟಪ್ಪ ಬೆನ್ನು ತಟ್ಟಿದ. ತಟ್ಟಿದಾಗ ಅವರ ಕಣ್ಣು ಮುಚ್ಚಿಕೊಂಡಿದ್ದು ನಾನೊಬ್ಬಳೇ ನೋಡಿದೆ.

ಗೇಟಿನ ಕೆಲಸ ಚಿಕ್ಕಣ್ಣನಿಗೆ ಆಯಿತು. ಯಾರನ್ನೂ ಬೀದಿಗೆ ಹಾಕಲಿಲ್ಲ. ಮುನಿವೆಂಕಟಪ್ಪ ಬೀಡಿ ಹಚ್ಚಿಕೊಂಡು ಆ ಕಡೆ ಹೋದ.

ಮನೆಯಲ್ಲಿ ಯಜಮಾನರಿಗೆ ತಟ್ಟೆ ನೋಡುವುದಕ್ಕೆ ಕತ್ತು ಬಗ್ಗಲಿಲ್ಲ. ಮಣೆಯ ಮೇಲೆ ಮಣೆ ಇಟ್ಟು ತಟ್ಟೆ ಎತ್ತರಿಸಿ ಕೊಟ್ಟೆ. ಎಡಗೈಯಲ್ಲಿ ಉಂಡರು. ನಮ್ಮ ಮಗಳು ಅಂಬುಜಾ, ಆಗ ಸಣ್ಣವಳು, “ಅಪ್ಪ ಯಾಕೆ ಎಡಗೈಲಿ ಉಣ್ತಾರೆ” ಅಂದಳು. ಅವಳಿಗೆ ಒಂದು ಏಟು ಕೊಟ್ಟು ಸುಮ್ಮನಿರಿಸಿದೆ. ಮೂರು ದಿನ ಮಲಗಿದರು. ನಾಲ್ಕನೇ ದಿನ ಸಿಂಬೆ ತಗೊಂಡು ಹೊರಟರು.

ಡಾಕ್ಟರು ವಾರಕ್ಕೊಂದು ಸಲ ಬರುತ್ತಿದ್ದರು. ಮುಂದಿನ ವಾರ ಬಂದಾಗ ನಾನು ಆಫೀಸು ಕೋಣೆಯ ಬಾಗಿಲಲ್ಲಿ ನಿಂತೆ.

“ಏನಮ್ಮಾ?”

“ನಮ್ಮೋರ ಕತ್ತು ಅಳೆದ್ರಲ್ಲ ಸಾರ್. ಅದು ಸುಳ್ಳು.”

“ಯಾರು ನಿಮ್ಮೋರು? ಹೆಸರು ಹೇಳಿ.”

“ಹೆಸರು ಹೇಳಲ್ಲ ಸಾರ್.”

“ಹೇಳದಿದ್ರೆ ಹೆಂಗ್ ಗೊತ್ತಾಗ್ಬೇಕು?”

“ಲಂಕೆ ಸುಟ್ಟೋರು.”

ಅವರು ಒಂದು ಗಳಿಗೆ ನೋಡಿ ಜೋರಾಗಿ ನಕ್ಕರು. “ಓ, ಗೋಡೆ ಕಿತ್ತ ಹನುಮಂತಯ್ಯ! ಅವರಿಗೇನಮ್ಮ, ಅವರ ಕತ್ತು ಕಬ್ಬಿಣ.”

“ಬೆರಳು ಜೋಮು ಹಿಡಿದು ತುತ್ತು ಬೀಳ್ತದೆ. ಕತ್ತು ತಿರುಗಲ್ಲ. ಹಣೆಗೆ ಪಟ್ಟಿ ಹಾಕಿದ್ರೆ ಪಟ್ಟಿ ಹರಿಯೋ ತನಕ ದೂಡ್ತಾರೆ. ಅವರಿಗೆ ನಿಲ್ಲಿಸೋಕೆ ಬರಲ್ಲ ಸಾರ್. ಇಷ್ಟು ವರ್ಷ ನಿಲ್ಲಿಸಿಲ್ಲ.”

ಡಾಕ್ಟರು ನಗುವುದು ಬಿಟ್ಟರು. ಕೈಲಿದ್ದದ್ದನ್ನು ಕೆಳಗಿಟ್ಟರು. “ಮೂರು ಸಲಕ್ಕೆ ಮೂರು ಥರ ಬಂದಿತ್ತು. ಒಂದಕ್ಕಿಂತ ಒಂದು ಹೆಚ್ಚು. ನಾನು ಅಭ್ಯಾಸ ಆಗ್ತಾ ಹೆಚ್ಚಾಯ್ತು ಅಂದ್ಕೊಂಡೆ” ಅಂದರು. ಆಮೇಲೆ, “ಕರ್ಕೊಂಡ್ಬನ್ನಿ. ಬೇರೆ ಯಾರೂ ಬೇಡ” ಅಂದರು.

ಸಾಹುಕಾರರು ಕರೀತಾರೆ ಅಂತ ಹೇಳಿ ಕರೆತಂದೆ. ಒಳಗೆ ಡಾಕ್ಟರನ್ನು ನೋಡಿ ಯಜಮಾನರು ನನ್ನ ಕಡೆ ಕಣ್ಣು ಬಿಟ್ಟರು. ಡಾಕ್ಟರು ಬಾಗಿಲು ಹಾಕಿಸಿದರು. ಕುರ್ಚಿಯಲ್ಲಿ ಕೂರಿಸಿ ಹಣೆಗೆ ಪಟ್ಟಿ ಹಾಕಿದರು. ಆದರೆ ತಕ್ಕಡಿಯನ್ನು ಕೊಕ್ಕೆಯಿಂದ ಬಿಚ್ಚಿದರು. ಅದರ ಬಳೆಯನ್ನು ನನ್ನ ಕೈಗೆ ಕೊಟ್ಟರು.

“ಅಮ್ಮ, ನೀವು ಅವರ ಹಿಂದೆ ನಿಂತು ಹಿಡ್ಕೊಳ್ಳಿ.”

ನನಗೆ ನಾಚಿಕೆಯಾಯಿತು. ಪರರ ಎದುರಿಗೆ ಗಂಡನ ತಲೆಗೆ ಕಟ್ಟಿದ್ದನ್ನು ಹಿಡಿದುಕೊಂಡು ನಿಲ್ಲುವುದು, ಹೋರಿಗೆ ಮೂಗುದಾರ ಹಿಡಿದ ಹಾಗೆ. ಯಜಮಾನರು “ಇದೇನ್ ಸಾರ್ ಆಟ?” ಅಂದರು.

“ಆಟ ಅಲ್ಲ. ದೂಡಿ. ಜೋರಾಗಿ ದೂಡಿದ್ರೆ ಇವರು ನಿಮ್ಮ ಕುರ್ಚಿ ಮೇಲೆ ಮುಗ್ಗರಿಸ್ತಾರೆ, ನೋಡ್ಕೊಂಡು ದೂಡಿ. ನೋವು ಬಂದಾಗ ಅವರಿಗೆ ಹೇಳಿ. ನನಗೆ ಹೇಳೋದು ಬೇಡ.”

ನಾನು ಕಾಲೂರಿ ಹಿಡಿದೆ. ಅವರು ದೂಡಿದರು. ಮೆಲ್ಲಗೆ ದೂಡಿದರು. ನನ್ನ ಕೈಗೆ ಎಳೆತ ಬಂತು, ಸ್ವಲ್ಪ ಹೆಚ್ಚಾಯಿತು, ನಿಂತುಬಿಟ್ಟಿತು. ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಕತ್ತಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಅಲ್ಲಿ ನರ ಎದ್ದು ನಡುಗುತ್ತಿತ್ತು.

“ಇಲ್ಲೇ ಕಣೇ” ಅಂದರು.

ಡಾಕ್ಟರು ಮುಳ್ಳು ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಅಂದರು. ಎಳೆತ ಅಲ್ಲಿಗೇ ಬಂದು ನಿಂತಿತು. ಮತ್ತೊಂದು ಸಲ, ಅಲ್ಲಿಗೇ. ಗೋಡೆಗೆ ಕಟ್ಟಿದಾಗ ಬಂದದ್ದರಲ್ಲಿ ಕಾಲು ಭಾಗವೂ ಇರಲಿಲ್ಲ.

“ಇದು ನಿಜವಾದ ಅಳತೆ. ಮೂರು ಸಲವೂ ಒಂದೇ ಬಂತು” ಅಂದರು ಡಾಕ್ಟರು. ಯಜಮಾನರಿಗೆ ಹೇಳಿದರು. “ನಿಮ್ಮ ಮೈಯಲ್ಲಿ ಬಲ ಇಲ್ಲ ಅಂತಲ್ಲ. ನೋವು ಇಷ್ಟಕ್ಕೇ ಬೇಡ ಅಂತದೆ. ಅದರ ಮೇಲೆ ನೀವು ಹೊತ್ತಿದ್ದೆಲ್ಲ ನರಕ್ಕೆ ಬಿದ್ದಿದೆ, ಅದಕ್ಕೇ ಬೆರಳು ಜೋಮು. ಇನ್ನು ತಲೆ ಮೇಲೆ ಮೂಟೆ ಬೇಡ. ಹೊತ್ತರೆ ಕೈ ಹೋಗುತ್ತೆ.”

ದಿನಾ ಬೆಳಿಗ್ಗೆ, ಸಂಜೆ ಅಂಗೈಯನ್ನು ಹಣೆಗೆ ಒತ್ತಿಕೊಂಡು ಮೆಲ್ಲಗೆ ದೂಡಬೇಕು, ನೋಯುವ ಮುಂಚೆ ಬಿಡಬೇಕು ಅಂತ ತೋರಿಸಿಕೊಟ್ಟರು. ಯಜಮಾನರು ಹಣೆಯ ಪಟ್ಟಿ ಬಿಚ್ಚಿದ ಮೇಲೂ ಕುರ್ಚಿಯಿಂದ ಏಳಲಿಲ್ಲ.

ಡಾಕ್ಟರು ತಾವೇ ಸಾಹುಕಾರರ ಹತ್ತಿರ ಹೋಗಿ ಹೇಳಿದರು. ಶಂಭುಲಿಂಗಪ್ಪನವರು ಕೆಟ್ಟವರಲ್ಲ. ಯೋಚನೆ ಮಾಡಿ, ನನ್ನನ್ನು ಕರೆಸಿ, “ಗೇಟಿಗೆ ಚಿಕ್ಕಣ್ಣನ್ನ ಹಾಕಾಯ್ತು, ಅವನನ್ನ ಎಬ್ಬಿಸೋದು ಸರಿಯಲ್ಲ. ಚೀಲ ಹೊಲಿಯೋ ಕಡೆ ಜಾಗ ಇದೆ. ಹೊಲೀತಾನೇನಮ್ಮ?” ಅಂದರು.

ಮನೆಗೆ ಬಂದು ನಾನು ಅದನ್ನು ಹೇಳಿದೆ.

“ಹೆಂಗಸರ ಜೊತೆ ಕೂತು ದಬ್ಬಳ ಹಿಡೀಲಾ? ಅದಕ್ಕಿಂತ ಮೂಟೆ ಕೆಳಗೆ ಸಾಯ್ತೀನಿ.”

“ಸಾಯಿರಿ. ಆಮೇಲೆ ಹೆಂಗಸರ ಜೊತೆ ಕೂತು ದಬ್ಬಳ ಹಿಡಿಯೋಳು ನಾನೇ” ಅಂದೆ.

ನನಗೆ ಅಂಥ ಮಾತು ಬರುತ್ತದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು, ಇಡೀ ಮೈ ತಿರುಗಿಸಿಕೊಂಡು. ಕೆಲಸಕ್ಕೆ ಹೋಗಲಿಲ್ಲ. ನಾನು ಒಬ್ಬಳೇ ಹೋಗಿ ಬರುತ್ತಿದ್ದೆ. ಒಂದು ದಿನ ಬೆಳಿಗ್ಗೆ ಎದ್ದು ಮುಖ ತೊಳೆದು, ಸಿಂಬೆ ತಗೊಳ್ಳದೆ ಬಾಗಿಲಲ್ಲಿ ನಿಂತಿದ್ದರು. “ನಡಿ” ಅಂದರು. ಅವತ್ತೂ ಅವರು ಮುಂದೆ, ನಾನು ಹಿಂದೆ.

ಜಗುಲಿಗೆ ಬಂದಾಗ ಪಟಾಲಮ್ಮ ಜಾಗ ಬಿಟ್ಟುಕೊಟ್ಟಳು. “ಬಾ ತಂಗಿ, ಕೂತ್ಕೋ” ಅಂತ ಯಜಮಾನರಿಗೆ ಅಂದಳು. ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಗಂಡಸರ ಕಡೆಯಿಂದ “ಹನ್ಮಂತಕ್ಕಾ, ನಂದೊಂದು ಅಂಗಿ ಹರಿದೈತೆ” ಅಂತ ಕೂಗು ಬಂತು. ಅವರು ಮುಖ ಎತ್ತಲಿಲ್ಲ. ಮೊದಲನೆಯ ಚೀಲ ಹೊಲಿಯುವಾಗ ದಬ್ಬಳ ಬೆರಳಿಗೆ ಚುಚ್ಚಿಕೊಂಡರು. ಜೋಮು ಹಿಡಿದ ಬೆರಳು, ರಕ್ತ ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ. ನಾನೇ ಸೆರಗಲ್ಲಿ ಒರೆಸಿದೆ.

ತಲೆ ಬಗ್ಗಿಸಿ ಹೊಲಿದರೆ ಕತ್ತು ನೋಯುತ್ತಿತ್ತು. ಒಂದೆರಡು ವಾರ ನೋಡಿ, ಜಗುಲಿಯ ತೊಲೆಗೆ ಹಗ್ಗ ಇಳಿಬಿಟ್ಟು ಚೀಲವನ್ನು ಕಣ್ಣಿನ ಎತ್ತರಕ್ಕೆ ಕಟ್ಟಿಕೊಂಡರು. ನೇರ ಕೂತು ಹೊಲಿದರು. ಪಟಾಲಮ್ಮ ಅದನ್ನೂ ಆಡಿಕೊಂಡಳು. ಆಮೇಲೆ ಅವಳೂ ಒಂದು ಹಗ್ಗ ಕೇಳಿದಳು.

ಕತ್ತಿನ ಕಸರತ್ತು ಮನೆಯಲ್ಲಿ ಮಾಡುತ್ತಿದ್ದರು. ತಮ್ಮ ಅಂಗೈ ಇಟ್ಟುಕೊಂಡರೆ ಜೋರಾಗಿ ದೂಡುತ್ತಿದ್ದರು. ಅದಕ್ಕೇ ನನ್ನ ಅಂಗೈ ಇಡುತ್ತಿದ್ದೆ. ಮದುವೆಯಾಗಿ ಅಷ್ಟು ವರ್ಷ ನಾನು ಅವರ ಹಣೆ ಮುಟ್ಟಿದ್ದು ಜ್ವರ ಬಂದಾಗ ಮಾತ್ರ.

ಆದರೂ ನನಗೆ ಭಯ ಇತ್ತು. ಗಂಡಸರು ಕರೆದರೆ ಒಂದು ದಿನ ಎದ್ದು ಹೋಗುತ್ತಾರೆ ಅಂತ. ಅದು ಬಂತು. ಮುಂಗಾರು ಶುರುವಾದ ಕಾಲ, ಹುರುಳಿ ತುಂಬಿದ ಲಾರಿಗಳು ಸಾಲಾಗಿ ನಿಂತಿದ್ದವು. ಕೆಂಗೇರಿ ಕಡೆ ಮೋಡ ಕಪ್ಪಾಗಿತ್ತು. ಇಬ್ಬರು ಹಮಾಲರು ಬಂದಿರಲಿಲ್ಲ. ಕಾಳು ನೆನೆದರೆ ಮೊಳಕೆ ಬರುತ್ತದೆ, ಎಲ್ಲ ಹಾಳು. ಮುನಿವೆಂಕಟಪ್ಪ ಜಗುಲಿಗೆ ಓಡಿ ಬಂದ.

“ಹನ್ಮಂತಣ್ಣ, ಏಳು. ಮಳೆ ಬತ್ತಾ ಐತೆ. ಇವತ್ತೊಂದಿನ. ನಿನ್ನ ಕತ್ತೇನು ನಮಗೆ ಗೊತ್ತಿಲ್ವಾ, ಗೋಡೆ ಕಿತ್ತೋನು ನೀನು.”

ಯಜಮಾನರು ಎದ್ದರು. ನಾನು ಹೇಳಬೇಕಾದ್ದೆಲ್ಲ ಹೇಳಿಯಾಗಿತ್ತು. ಅವರು ಲಾರಿಯ ತನಕ ಹೋದರು. ಒಬ್ಬ ತನ್ನ ಸಿಂಬೆ ಕೊಟ್ಟ. ಅದನ್ನು ಕೈಯಲ್ಲಿ ಹಿಡಿದುಕೊಂಡರು. ಇಬ್ಬರು ಮೂಟೆ ಎತ್ತಿ ಹಿಡಿದಿದ್ದರು, ತಲೆ ಕೊಡಲಿ ಅಂತ. ಎಲ್ಲರೂ ನೋಡುತ್ತಿದ್ದರು. ಚಿಕ್ಕಣ್ಣನೂ ಗೇಟಿನ ಸ್ಟೂಲಿನಿಂದ ಎದ್ದು ನಿಂತಿದ್ದ.

“ಆಗಲ್ಲ ಕಣಪ್ಪ” ಅಂದರು. “ನೋಯ್ತದೆ.”

ಯಾರೂ ನಗಲಿಲ್ಲ. ಮೂಟೆ ಹಿಡಿದಿದ್ದ ಇಬ್ಬರೂ ಏನು ಮಾಡಬೇಕು ಅಂತ ತೋಚದೆ ಹಾಗೇ ನಿಂತಿದ್ದರು. ಮುನಿವೆಂಕಟಪ್ಪ ಆ ಸಿಂಬೆ ಕಿತ್ತುಕೊಂಡು ತಾನೇ ತಲೆ ಕೊಟ್ಟ. ಯಜಮಾನರು ವಾಪಸು ಬಂದು ಕೂತರು. ದಬ್ಬಳಕ್ಕೆ ದಾರ ಪೋಣಿಸಲು ಹೋದರೆ ಆಗಲಿಲ್ಲ. ನಾನು ಪೋಣಿಸಿ ಕೊಟ್ಟೆ. ಮಳೆ ಬಂತು. ಒಂದಷ್ಟು ಮೂಟೆ ನೆನೆಯಿತು. ಸಾಹುಕಾರರು ಯಾರನ್ನೂ ಬೈಯಲಿಲ್ಲ.

ಆಮೇಲೆ ಯಾರೂ ಹನ್ಮಂತಕ್ಕ ಅನ್ನಲಿಲ್ಲ. ಇಳಿಸಪ್ಪ ಅಂತಲೂ ಅನ್ನಲಿಲ್ಲ. ಸ್ವಲ್ಪ ದಿನ ಬಿಟ್ಟು ಮುನಿವೆಂಕಟಪ್ಪ ಮನೆಗೆ ಬಂದ. ಮುದ್ದೆ ಉಂಡ. ಅದು ಇದು ಮಾತಾಡಿದ. ಹೊರಡುವಾಗ ಹೊಸಲಲ್ಲಿ ನಿಂತು, “ಆ ಡಾಕ್ಟ್ರು ಈಗ ಎಲ್ಲಿ ಸಿಗ್ತಾರೆ?” ಅಂದ.

“ಯಾಕೋ?” ಅಂದರು ಯಜಮಾನರು.

“ಸುಮ್ನೆ ಕೇಳ್ದೆ.”

“ಸುಮ್ನೆ ಹೋಗೋದಾದ್ರೆ ಹೆಂಡ್ತೀನ ಕರ್ಕೊಂಡ್ಹೋಗು.”

ಅವನು ಬೈದುಕೊಂಡು ಹೋದ. ಡಾಕ್ಟರ ಹತ್ತಿರ ಹೋದನೋ ಇಲ್ಲವೋ ನಮಗೆ ಹೇಳಲಿಲ್ಲ.

ಯಜಮಾನರು ನಾಲ್ಕು ವರ್ಷ ನನ್ನ ಪಕ್ಕದಲ್ಲಿ ಕೂತು ಚೀಲ ಹೊಲಿದರು. ಬೆರಳಿನ ಜೋಮು ಪೂರ್ತಿ ಹೋಗಲಿಲ್ಲ, ಆದರೆ ತುತ್ತು ಬೀಳುವುದು ನಿಂತಿತು. ಕರೆದರೆ ಕತ್ತು ಅರ್ಧ ತಿರುಗುತ್ತಿತ್ತು. ಮಾತು ಕಡಿಮೆ ಮನುಷ್ಯ, ಪಕ್ಕದಲ್ಲಿ ಕೂತರೂ ಕಡಿಮೆಯೇ. ಮೊನ್ನೆ ಕಾರ್ತೀಕದಲ್ಲಿ ಕಾಮಾಲೆ ಬಂತು. ಸೊಪ್ಪಿನ ಔಷಧಿ ಕುಡಿಸಿದೆವು, ಆಸ್ಪತ್ರೆಗೂ ಹಾಕಿದೆವು. ಹಳದಿ ಇಳಿಯಲಿಲ್ಲ. ಹೋದರು. ಕತ್ತಿಗೂ ಅದಕ್ಕೂ ಸಂಬಂಧವಿಲ್ಲ.

ಗೋಡೌನಿನವರೆಲ್ಲ ಬಂದಿದ್ದರು. ಚಟ್ಟ ಎತ್ತುವ ಹೊತ್ತಿಗೆ ಹೆಗಲು ಕೊಡಲು ಮೇಸ್ತ್ರಿಯನ್ನು ಕರೆದರು. ಮುನಿವೆಂಕಟಪ್ಪ ಮುಂದೆ ಬರಲಿಲ್ಲ. ಅಷ್ಟು ಜನ ಹಮಾಲರು ಕೇಳುವ ಹಾಗೆ, ನನ್ನ ಕಡೆ ನೋಡಿಕೊಂಡು ಹೇಳಿದ.

“ನನಗೆ ಆಗಲ್ಲ ಅಕ್ಕ. ಕತ್ತು ನೋಯ್ತದೆ.”

“ಬೇಡ ಬಿಡಣ್ಣ” ಅಂದೆ. “ಗೇಟಲ್ಲಿ ಕೂತು ಕತ್ತು ಉಳಿಸ್ಕೊಂಡೋನು ಚಿಕ್ಕಣ್ಣ, ಅವನು ಹಿಡೀಲಿ.”